ನಮ್ಮ ಹಾಳೆಯಲ್ಲಿ ಅಚ್ಚಾದ ಸೋಲು

ನನ್ನ ಗಂಡ ಚಳ್ಳಕೆರೆಯಲ್ಲಿ ವಕೀಲರಾಗಿದ್ದರು. ನಲವತ್ತೈದರ ಆಸುಪಾಸಿನಲ್ಲಿ ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿಯಿತು. ಒಂದೇ ಸಲಕ್ಕೆ ಕತ್ತಲಾದದ್ದಲ್ಲ. ಮೊದಲು ಬಸ್ಸಿನ ಬೋರ್ಡು ಹೋಯಿತು, ಆಮೇಲೆ ಎದುರಿಗೆ ಬಂದವರ ಮುಖ, ಕೊನೆಗೆ ಕೈಯಲ್ಲೇ ಹಿಡಿದ ಪುಸ್ತಕದ ಅಕ್ಷರ. ದಾವಣಗೆರೆಯಲ್ಲಿ ತೋರಿಸಿದೆವು, ಬೆಂಗಳೂರಿನಲ್ಲೂ ತೋರಿಸಿದೆವು. ಹಗಲು ಯಾವುದು, ರಾತ್ರಿ ಯಾವುದು ಎಂದು ಗೊತ್ತಾಗುವಷ್ಟು ಮಾತ್ರ ಉಳಿಯಿತು.

ಇದು ತೊಂಬತ್ತರ ದಶಕದ ನಡುವಿನ ಮಾತು. ಅವರು ಕೋರ್ಟಿಗೆ ಹೋಗುವುದನ್ನು ಬಿಟ್ಟ ಮೇಲೂ ಅಂಚೆಯವನು ನಮ್ಮ ಮನೆಗೆ ಬರುವುದನ್ನು ಬಿಡಲಿಲ್ಲ. ಬೆಂಗಳೂರಿನಿಂದ ವಾರಕ್ಕೊಂದು ತೆಳು ಪುಸ್ತಕ ಬರುತ್ತಿತ್ತು. ಹೈಕೋರ್ಟು, ಸುಪ್ರೀಂ ಕೋರ್ಟುಗಳು ಕೊಟ್ಟ ಹೊಸ ತೀರ್ಪುಗಳನ್ನು ಅದರಲ್ಲಿ ಅಚ್ಚು ಹಾಕಿರುತ್ತಿದ್ದರು. ವಕೀಲರು ಅದನ್ನು ಲಾ ರಿಪೋರ್ಟು ಅನ್ನುತ್ತಿದ್ದರು. ಯಾವ ಕಾನೂನಿಗೆ ಮೇಲಿನ ಕೋರ್ಟು ಈಗ ಏನು ಅರ್ಥ ಹೇಳಿದೆ ಎಂಬುದು ತಿಳಿಯಬೇಕಾದರೆ ನಮ್ಮಂಥ ಊರಿನಲ್ಲಿ ಅದೊಂದೇ ದಾರಿ. ಕಣ್ಣಿದ್ದಾಗ ಇವರು ಅಂಚೆಯವನ ಕೈಯಿಂದಲೇ ಅದನ್ನು ತೆಗೆದುಕೊಂಡು ಬಾಗಿಲಲ್ಲಿ ನಿಂತೇ ಓದಲು ಶುರು ಮಾಡುತ್ತಿದ್ದರು. ಈಗ ಆ ಪುಸ್ತಕಗಳು ಸುತ್ತಿದ ಕಾಗದ ಬಿಚ್ಚಿಸಿಕೊಳ್ಳದೆ ಮೇಜಿನ ಮೇಲೆ ಒಂದರ ಮೇಲೊಂದು ಕೂತಿದ್ದವು.

ಚಂದಾ ನಿಲ್ಲಿಸೋಣವೇ ಎಂದು ಒಂದು ದಿನ ಕೇಳಿದೆ. ಅವರು ಮುಖ ಬೇರೆ ಕಡೆ ತಿರುಗಿಸಿಕೊಂಡರು. ಅವತ್ತೇ ನಾನು ಮೇಲಿನ ಪುಸ್ತಕದ ಕಾಗದ ಹರಿದೆ. ಆ ಸದ್ದಿಗೆ ಅವರ ತಲೆ ಈ ಕಡೆ ತಿರುಗಿತು.

“ಓದ್ಲೇನ್ರಿ?” ಎಂದೆ.

“ನಿಂಗೆ ಬರ್ತದಾ?”

“ಅಕ್ಷರ ಬರ್ತಾವೆ. ಅರ್ಥ ನೀವು ಹೇಳಿ.”

ನಾನು ತಳಕಿನ ಹುಡುಗಿ. ಪಿಯುಸಿವರೆಗೆ ಓದಿದ್ದೆ. ಇಂಗ್ಲಿಷನ್ನು ಪರೀಕ್ಷೆಗೆ ಎಷ್ಟು ಬೇಕೋ ಅಷ್ಟು ಕಲಿತು ಮರೆತವಳು. ಮೊದಲ ಪುಟ ಓದಿ ಮುಗಿಸುವಷ್ಟರಲ್ಲಿ ಬೆವರು ಬಂತು. ನಡುನಡುವೆ ಇಂಗ್ಲಿಷೂ ಅಲ್ಲದ ಮಾತುಗಳು. ರೆಸ್ ಜುಡಿಕೇಟಾ ಎಂಬ ಮಾತು ಬಂದಾಗ ನನ್ನ ನಾಲಿಗೆ ಎಡವಿತು. ಅವರು ತಿದ್ದಿದರು.

“ಅಂದ್ರೇನ್ರಿ?”

“ಒಂದ್ಸಲ ತೀರ್ಮಾನ ಆಗಿದ್ದನ್ನ ಮತ್ತೆ ಎತ್ಕೊಂಡು ಜಗಳಕ್ಕೆ ಬರಂಗಿಲ್ಲ ಅಂತ.”

“ಇದು ಮನೆಯೊಳಗಿನ ಜಗಳಕ್ಕೂ ಐತಾ?”

ಅವರು ನಕ್ಕರು. ಎಷ್ಟೋ ತಿಂಗಳ ಮೇಲೆ ಆ ನಗು ಕೇಳಿದ್ದೆ. ಅದಕ್ಕೋಸ್ಕರವೇ ಮಾರನೆಯ ದಿನವೂ ಓದಿದೆ ಅನ್ನಬಹುದು.

ಹೀಗೆ ಪ್ರತಿದಿನ ಬೆಳಗ್ಗೆ ತಿಂಡಿಯಾದ ಮೇಲೆ ಓದು ಎಂದು ಆಯಿತು. ಬರುಬರುತ್ತಾ ನನಗೂ ರುಚಿ ಹತ್ತಿತು. ಪ್ರತಿಯೊಂದು ತೀರ್ಪಿನ ಒಳಗೂ ಒಂದು ಸಂಸಾರ ಇರುತ್ತಿತ್ತು. ಬಾವಿಯ ನೀರಿಗೆ ಅಣ್ಣತಮ್ಮಂದಿರು ಹೊಡೆದಾಡಿದ್ದು, ಬಸ್ಸಿನಿಂದ ಬಿದ್ದು ಸತ್ತ ಕೂಲಿಯವನ ಹೆಂಡತಿ ಪರಿಹಾರ ಕೇಳಿದ್ದು, ಬಾಡಿಗೆಯವನು ಮನೆ ಬಿಡದೇ ಹೋದದ್ದು. ನ್ಯಾಯಾಧೀಶರ ಇಂಗ್ಲಿಷಿನ ಹಿಂದೆ ನಮ್ಮ ಬೀದಿಯವರೇ ಕಾಣಿಸುತ್ತಿದ್ದರು.

ಒಂದು ಬೆಳಗ್ಗೆ ಓದುತ್ತಿದ್ದಾಗ ಕಿರಿಯ ವಕೀಲರೊಬ್ಬರು ಬಂದರು. ಭೂಮಿಯ ವಿಷಯದಲ್ಲಿ ಯಾವುದಾದರೂ ಹೊಸ ತೀರ್ಪು ಬಂದಿದೆಯೇ ಎಂದು ಕೇಳಿದರು. ರಿಪೋರ್ಟು ತರಿಸುವ ಶಕ್ತಿ ಅವರಿಗಿರಲಿಲ್ಲ. ನಾವು ಹಿಂದಿನ ವಾರವಷ್ಟೇ ಓದಿದ್ದು ಅದೇ ವಿಷಯದ ತೀರ್ಪು. ನನ್ನ ಗಂಡ ಅದರ ತಿರುಳನ್ನು ಕನ್ನಡದಲ್ಲಿ ಹೇಳಿದರು, ನಾನು ಪುಟ ಹುಡುಕಿ ಕೊಟ್ಟೆ. ಆ ವಕೀಲರು ಹೋದ ಮೇಲೆ ಇವರು ಕೇಳಿದರು:

“ನಮ್ಮ ತಾಲ್ಲೂಕಲ್ಲಿ ರಿಪೋರ್ಟ್ ತರ್ಸೋರು ಬೆರಳೆಣಿಕೆ. ಮೊಳಕಾಲ್ಮುರಲ್ಲಿ ಇನ್ನೂ ಕಮ್ಮಿ. ನಾವು ಓದಿದ್ರಲ್ಲಿ ಇಲ್ಲಿಗೆ ಬೇಕಾದ್ದನ್ನ ಆರಿಸಿ, ಕನ್ನಡದಲ್ಲಿ ಸಾರ ಬರ್ದು ಅಚ್ಚು ಹಾಕ್ಸಿದ್ರೆ ತಗೊಳ್ಳಲ್ವಾ ಜನ?”

“ತಗೋಬೋದು. ಬರೆಯೋರು ಯಾರು?”

“ನಾನು ಹೇಳ್ತೀನಿ, ನೀನು ಬರಿ.”

ನಮ್ಮ ವ್ಯಾಪಾರ ಶುರುವಾದದ್ದು ಹಾಗೆ. ತಿಂಗಳಿಗೆ ಎರಡು ಸಲ, ನಾಲ್ಕು ಪುಟ. ಅದಕ್ಕೆ ಒಂದು ಗಂಭೀರವಾದ ಹೆಸರಿಟ್ಟಿದ್ದೆವು, ಆದರೆ ಎಲ್ಲರೂ ಕರೆದದ್ದು ‘ಹಾಳೆ’ ಎಂದೇ. ಯಾರಾದರೂ ವಕೀಲರು ಒಂದು ವಿಷಯ ಹೇಳಿ ಇದಕ್ಕೆ ತೀರ್ಪು ಹುಡುಕಿಕೊಡಿ ಎಂದರೆ ಅದನ್ನೂ ಮಾಡುತ್ತಿದ್ದೆವು. ಇವರಿಗೆ ಯಾವ ವರ್ಷದ ಯಾವ ಸಂಪುಟ ಎಂಬುದು ನೆನಪಿರುತ್ತಿತ್ತು. ನಾನು ತೆಗೆದು, ಝೆರಾಕ್ಸ್ ಮಾಡಿಸಿ ಕೊಡುತ್ತಿದ್ದೆ. ಮೊಳಕಾಲ್ಮುರಿನವರ ಕಟ್ಟು ಬೆಳಗಿನ ಬಸ್ಸಿನಲ್ಲಿ ಕಂಡಕ್ಟರರ ಕೈಯಲ್ಲಿ ಹೋಗುತ್ತಿತ್ತು.

ಹಾಳೆ ಅಚ್ಚಾಗುತ್ತಿದ್ದದ್ದು ಪೇಟೆಯ ಒಬ್ಬ ಸಾಬರ ಪ್ರೆಸ್ಸಿನಲ್ಲಿ. ಎಣ್ಣೆ ಮಿಲ್ಲುಗಳ ಬಿಲ್ ಪುಸ್ತಕ, ಮದುವೆ ಕಾರ್ಡು ಹಾಕಿಕೊಂಡು ಬಂದವರು. ಮನೆಯಲ್ಲಿ ಉರ್ದು, ಕೈಯಲ್ಲಿ ಕನ್ನಡದ ಅಚ್ಚುಮೊಳೆ. ಒಂದೊಂದೇ ಅಕ್ಷರ ಹೆಕ್ಕಿ ಜೋಡಿಸುತ್ತಾ, ತಿಳಿಯದ ಮಾತು ಬಂದರೆ ಅಲ್ಲೇ ನಿಲ್ಲಿಸಿ ಕೇಳುತ್ತಿದ್ದರು.

“ಅಮ್ಮಾರೇ, ಈ ಮೇಲ್ಮನವಿದಾರ ಅಂದ್ರೆ ಗೆದ್ದೋನಾ, ಸೋತೋನಾ?”

“ಕೆಳಗಿನ ಕೋರ್ಟಲ್ಲಿ ಸೋತೋನು.”

“ಪಾಪ, ಅದಕ್ಕೇ ಹೆಸರು ಇಷ್ಟುದ್ದ ಐತೆ,” ಎಂದು ಮತ್ತೆ ಮೊಳೆಗೆ ಕೈ ಹಾಕುತ್ತಿದ್ದರು.

ಹಾಳೆ ಶುರುವಾಗಿ ಒಂದೆರಡು ವರ್ಷ ಕಳೆದಿತ್ತು. ಒಂದು ಬೆಳಗ್ಗೆ ಹೊಸ ರಿಪೋರ್ಟು ಬಿಚ್ಚಿ, ಒಂದೊಂದೇ ತೀರ್ಪಿನ ತಲೆಬರಹ ಓದುತ್ತಾ ಹೋದೆ. ಒಂದು ಹೆಸರಿಗೆ ಬಂದು ನಿಂತೆ.

“ಯಾಕೆ ನಿಲ್ಲಿಸ್ದೆ?”

“ಇದು ನಮ್ಮ ಮೊಳಕಾಲ್ಮುರಿಂದು ಕಣ್ರಿ. ಆ ಮಗ್ಗದಮ್ಮಂದು.”

ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತರು.

ಮಗ್ಗದಮ್ಮ ಎಂದು ನಾನು ಹೇಳಿದ್ದು ಮೊಳಕಾಲ್ಮುರಿನ ಒಬ್ಬ ರೇಷ್ಮೆ ಸೀರೆ ನೇಯುವ ಹೆಂಗಸನ್ನು. ನನ್ನ ಗಂಡನ ಕಕ್ಷಿದಾರಳು. ಮನೆಮಾತು ತೆಲುಗು, ನಮ್ಮ ಜೊತೆ ಕನ್ನಡ. ಒಬ್ಬ ನೇಕಾರನಿಗೆ ಎರಡನೆಯ ಹೆಂಡತಿಯಾಗಿ ಬಂದವಳು. ಮೊದಲನೆಯವಳು ತೀರಿಕೊಂಡಿದ್ದಳು; ಅವಳ ಮಗ ರಾಯದುರ್ಗದಲ್ಲಿ ಅಜ್ಜಿಯ ಮನೆಯಲ್ಲಿ ಬೆಳೆದ. ಇವಳಿಗೆ ಮಕ್ಕಳಾಗಲಿಲ್ಲ. ಗಂಡಹೆಂಡತಿ ಇಬ್ಬರೂ ಒಂದೇ ಮಗ್ಗದಲ್ಲಿ ದುಡಿದು ಒಂದು ಉದ್ದನೆಯ ಮನೆ ಮಾಡಿಕೊಂಡಿದ್ದರು. ಸಾಯುವ ಮೊದಲು ಗಂಡ ಆ ಮನೆಯನ್ನು ಅವಳ ಹೆಸರಿಗೆ ಉಯಿಲು ಬರೆದ. ಅವನು ತೀರಿಕೊಂಡ ಮೇಲೆ ಮಗ ಬಂದು, ಉಯಿಲು ನಿಜವಲ್ಲ, ನನಗೂ ಅರ್ಧ ಬರಬೇಕು ಎಂದು ದಾವಾ ಹಾಕಿದ. ಅವಳ ಪರವಾಗಿ ನನ್ನ ಗಂಡ ನಡೆಸಿದರು. ಮೊಳಕಾಲ್ಮುರಿನಲ್ಲಿ ಗೆದ್ದಳು, ಚಿತ್ರದುರ್ಗದ ಅಪೀಲಿನಲ್ಲೂ ಗೆದ್ದಳು. ಮಗ ಹೈಕೋರ್ಟಿಗೆ ಹೋದ. ಅಲ್ಲಿ ಅವಳಿಗೆ ಬೆಂಗಳೂರಿನ ವಕೀಲರೊಬ್ಬರನ್ನು ಇವರೇ ಗೊತ್ತುಮಾಡಿಕೊಟ್ಟಿದ್ದರು. ಆಮೇಲೆ ಇವರ ಕಣ್ಣು ಪೂರ್ತಿ ಹೋಯಿತು. ಆ ಅಪೀಲು ಏನಾಯಿತೆಂದು ಅಲ್ಲಿಂದ ಯಾವ ಕಾಗದವೂ ಬಂದಿರಲಿಲ್ಲ.

ನಾನು ಓದಿದೆ. ಮಗನ ಅಪೀಲು ಗೆದ್ದಿತ್ತು.

ತೀರ್ಪು ನಿಂತದ್ದು ಒಂದು ಸಣ್ಣ ವಿಷಯದ ಮೇಲೆ. ಉಯಿಲಿಗೆ ಇಬ್ಬರು ಸಾಕ್ಷಿಗಳು ರುಜು ಹಾಕಿರಬೇಕು. ಅವರಲ್ಲಿ ಒಬ್ಬ ಕೋರ್ಟಿಗೆ ಬಂದು ಹೇಳಿದರೆ ಸಾಕು. ಆದರೆ ಅವನು ತನ್ನ ರುಜುವಿನ ವಿಷಯ ಮಾತ್ರ ಹೇಳಿದರೆ ಸಾಲದು, ಇನ್ನೊಬ್ಬ ಸಾಕ್ಷಿಯೂ ಬರೆದವನ ಎದುರಿಗೇ ರುಜು ಹಾಕಿದ ಎಂಬುದನ್ನೂ ಹೇಳಬೇಕು. ನಮ್ಮ ಸಾಕ್ಷಿ ಅದನ್ನು ಹೇಳಿರಲಿಲ್ಲ. ಯಾಕೆಂದರೆ ಅವನನ್ನು ಯಾರೂ ಕೇಳಿರಲಿಲ್ಲ. ಆದ್ದರಿಂದ ಉಯಿಲು ಕಾನೂನಿನ ಪ್ರಕಾರ ಸಾಬೀತಾಗಿಲ್ಲ. ಮನೆ ಹೆಂಡತಿಗೂ ಮಗನಿಗೂ ಸಮಪಾಲು.

“ಆ ಸಾಕ್ಷಿ ಭಾಗ ಇನ್ನೊಂದ್ಸಲ ಓದು,” ಎಂದರು.

ಓದಿದೆ.

“ಸರಿಯಾಗೇ ಬರ್ದಿದಾರೆ. ಅವರದ್ದೇನೂ ತಪ್ಪಿಲ್ಲ.”

ಹೊರಗೆ ಕಡಲೆಕಾಯಿ ತುಂಬಿದ ಟ್ರ್ಯಾಕ್ಟರೊಂದು ಮಿಲ್ಲಿನ ಕಡೆ ಹೋಯಿತು.

“ಆ ಪ್ರಶ್ನೆ ನಾನು ಬರ್ಕೊಂಡು ಹೋಗಿದ್ದೆ,” ಎಂದರು. “ಸಾಕ್ಷಿ ಕಟ್ಟೆ ಹತ್ತಿದ. ಕಾಗದ ತೆಗ್ದು ನೋಡ್ತೀನಿ, ಬರೀ ಬಿಳಿ. ಬೆಳಕಿಗೆ ಹಿಡ್ದೆ, ಹತ್ರ ಹಿಡ್ದೆ. ಆ ಕಡೆ ವಕೀಲರು ನನ್ನೇ ನೋಡ್ತಿರಬೋದು ಅನ್ನಿಸ್ತು. ಮಡಚಿ ಜೇಬಿಗಿಟ್ಕೊಂಡು ನೆನಪಿನ ಮೇಲೆ ಕೇಳ್ದೆ. ಇದೊಂದು ಬಿಟ್ಟೋಯ್ತು.”

“ಅವಾಗ್ಲೇ ಓದೋಕೆ ಆಗ್ತಿರ್ಲಿಲ್ವಾ ನಿಮ್ಗೆ?”

“ಒಂದೊಂದು ದಿನ ಆಗ್ತಿರ್ಲಿಲ್ಲ.”

“ನನಗೂ ಹೇಳ್ಲಿಲ್ಲ.”

“ಯಾರಿಗೂ ಹೇಳಿರ್ಲಿಲ್ಲ. ಹೇಳಿದ್ರೆ ಮಾರನೇ ದಿನಾನೇ ಫೈಲುಗಳೆಲ್ಲ ವಾಪಸ್ ಹೋಗ್ತಿದ್ವು.”

ಆ ದಿನಗಳಲ್ಲಿ ನಾನೇ ಅವರ ಕಪ್ಪು ಕೋಟನ್ನು ಒದರಿ, ಕೈಗೆ ಕೊಟ್ಟು, ಬಾಗಿಲವರೆಗೆ ಬಂದು ಕಳಿಸುತ್ತಿದ್ದೆ. ಕನ್ನಡಕದ ನಂಬರು ಹೆಚ್ಚಾಗಿದೆ, ಅಷ್ಟೇ ಎಂದಿದ್ದರು. ನಂಬಿದ್ದೆ. ಒಂದೇ ಮನೆಯಲ್ಲಿ, ಒಂದು ತಟ್ಟೆಯ ಪಕ್ಕ ಇನ್ನೊಂದು ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದವರ ಕಣ್ಣು ಹೋಗುತ್ತಿರುವುದು ನನಗೆ ತಿಳಿಯಲಿಲ್ಲವಲ್ಲ ಎಂದು ಸಂಕಟವಾಯಿತು. ಅವರ ಮೇಲೆ ಸಿಟ್ಟೂ ಬಂತು. ಪುಸ್ತಕ ಮುಚ್ಚಿ ಒಳಗೆ ಹೋದೆ. ಒಲೆಯ ಮುಂದೆ ಸುಮ್ಮನೆ ನಿಂತಿದ್ದು ಮತ್ತೆ ಹೊರಗೆ ಬಂದೆ. ಅವರು ಕೂತ ಹಾಗೆಯೇ ಕೂತಿದ್ದರು.

“ಆಯಮ್ಮಂಗೆ ಯಾರಾದ್ರೂ ಹೇಳಿದಾರಾ ಕೇಳ್ಬೇಕು,” ಎಂದರು.

ಎಸ್‌ಟಿಡಿ ಬೂತಿಗೆ ಅವರನ್ನು ಕರೆದುಕೊಂಡು ಹೋಗಿ ಬೆಂಗಳೂರಿಗೆ ಫೋನ್ ಮಾಡಿಸಿದೆ. ಅಲ್ಲಿನ ಗುಮಾಸ್ತ, ತೀರ್ಪಿನ ನಕಲು ಇನ್ನೂ ಕೈಗೆ ಬಂದಿಲ್ಲ, ಬಂದ ಮೇಲೆ ಕಾಗದ ಬರೆಯುತ್ತೇವೆ ಎಂದ. ಅಂದರೆ ಊರೂರಿನ ವಕೀಲರ ಮೇಜಿಗೆ ಆ ತೀರ್ಪು ಬಂದು ಕೂತಿತ್ತು; ಯಾರ ಮನೆಯ ತೀರ್ಪೋ ಅವಳಿಗೆ ಮಾತ್ರ ಗೊತ್ತಿರಲಿಲ್ಲ.

“ಹಾಳೇಲಿ ಇದು ಬರ್ಬೇಕು,” ಎಂದರು ಬೂತಿನ ಹೊರಗೆ. “ಉಯಿಲಿನ ಕೇಸು ಎಲ್ಲಾರ ಹತ್ರಾನೂ ಇರ್ತವೆ. ಆದ್ರೆ ಮೊದ್ಲು ಆಯಮ್ಮಂಗೆ ಹೇಳ್ಬೇಕು. ನಡಿ, ಹೋಗೋಣ.”

ಪ್ರೆಸ್ಸಿನವರಿಗೆ ಒಂದು ಪುಟ ಖಾಲಿ ಇಟ್ಟುಕೊಂಡಿರಿ ಎಂದು ಹೇಳಿ ಮಾರನೆಯ ದಿನ ಬೆಳಗ್ಗೆ ಬಸ್ಸು ಹತ್ತಿದೆವು. ನನ್ನ ತವರು ತಳಕು ಬಂತು, ಹೋಯಿತು. ನಾನು ಕಿಟಕಿಯಿಂದ ನೋಡಿದೆ, ಇಳಿಯಲಿಲ್ಲ. ಮುಂದೆ ಬಂಡೆಗಳ ಗುಡ್ಡ ಶುರುವಾದ ಮೇಲೆ ಇವರು, “ಮೊಳಕಾಲ್ಮುರು ಬಂತಾ?” ಎಂದು ಎರಡು ಮೂರು ಸಲ ಕೇಳಿದರು.

ಅವಳ ಬೀದಿಗೆ ಕಾಲಿಟ್ಟರೆ ಮನೆಮನೆಯಿಂದಲೂ ಲಾಳಿ ಓಡುವ ಸದ್ದು. ಅವಳು ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತು ನೇಯುತ್ತಿದ್ದಳು. ಇವರನ್ನು ಕಂಡು ಗಡಿಬಿಡಿಯಿಂದ ಎದ್ದಳು. ನೇಯ್ದಷ್ಟು ಸೀರೆಯ ಮೇಲೆ ಬಿಳಿ ಬಟ್ಟೆ ಹೊದಿಸಿ, ಕೈ ತೊಳೆದುಕೊಂಡು ಬಂದು ನೀರು ಕೊಟ್ಟಳು. ಇವರ ಕೈ ಲೋಟವನ್ನು ಹುಡುಕಿದ್ದು ನೋಡಿ ನನ್ನ ಮುಖ ನೋಡಿದಳು. ಕಣ್ಣು ಪೂರ್ತಿ ಹೋಗಿರುವುದು ಅವಳಿಗೆ ಅವತ್ತೇ ಗೊತ್ತಾದದ್ದು.

ಇವರು ಸುತ್ತಿ ಬಳಸಿ ಹೇಳಲಿಲ್ಲ. “ಹೈಕೋರ್ಟಲ್ಲಿ ಸೋತ್ವಮ್ಮ. ಮನೇಲಿ ಅರ್ಧ ಆ ಹುಡುಗನಿಗೆ ಅಂತ ಆಗೈತೆ,” ಎಂದರು.

ಅವಳು ಕಂಬಕ್ಕೆ ಒರಗಿ ಕೂತಳು. ಅಳಲಿಲ್ಲ. ತೆಲುಗಿನಲ್ಲಿ ಕೇಳಿದಳು: “ಆಯಪ್ಪ ಅಬದ್ಧಂ ಚೆಪ್ಪಿನಾಡಾ, ಸಾಮಿ?”

ತನ್ನ ಗಂಡ ಸುಳ್ಳು ಹೇಳಿದ ಎಂದು ಕೋರ್ಟು ಹೇಳುತ್ತಿದೆಯೇ ಎಂಬುದು ಅವಳ ಪ್ರಶ್ನೆ.

“ಇಲ್ಲಮ್ಮ. ಹಂಗೆ ಎಲ್ಲೂ ಬರ್ದಿಲ್ಲ.”

“ನಾನು ಸುಳ್ಳು ಬರೆಸ್ಕೊಂಡೆ ಅಂತಾನಾ ಮತ್ತೆ?”

“ಅದೂ ಇಲ್ಲ. ಸಾಬೀತಾಗಿಲ್ಲ ಅಂತ ಮಾತ್ರ ಐತೆ. ಸಾಬೀತಾಗಿಲ್ಲ ಅಂದ್ರೆ ಸುಳ್ಳು ಅಂತ ಅಲ್ಲ.”

“ನಿಮಗೆ ಅದು ಬೇರೆ ಬೇರೆ, ಸಾಮಿ. ಈ ಬೀದಿಯೋರಿಗೆ ಎರಡೂ ಒಂದೇ. ಸಾಬೀತು ಯಾಕಾಗಲಿಲ್ಲ?”

ಇವರು ಹೇಳಿದರು. ಸಾಕ್ಷಿಯನ್ನು ಕೇಳಬೇಕಾಗಿದ್ದ ಒಂದು ಪ್ರಶ್ನೆ, ಓದಲಾಗದೆ ಜೇಬಿಗಿಟ್ಟ ಕಾಗದ, ಹೇಳಿಕೊಳ್ಳಲು ಆದ ನಾಚಿಕೆ ಎಲ್ಲವನ್ನೂ ಹೇಳಿದರು. ನಾನು ನೆಲ ನೋಡುತ್ತಾ ಕೂತಿದ್ದೆ. ಪಕ್ಕದ ಮನೆಯ ಲಾಳಿ ಮಾತ್ರ ಓಡುತ್ತಿತ್ತು.

“ಅವತ್ತೇ ಹೇಳಿದ್ರೆ ನಾನು ಬೇರೆಯೋರನ್ನ ಇಡ್ತಿದ್ದೆ,” ಎಂದಳು.

“ಹೌದಮ್ಮ.”

“ಸಾಕ್ಷಿ ಹೇಳಿದ ದೊಡ್ಡಾಯಪ್ಪನೂ ಈಗ ಇಲ್ಲ. ಮತ್ತೆ ಕೇಳೋಣ ಅಂದ್ರೂ ಆಗಲ್ಲ.”

“ಆಗಲ್ಲ. ದೆಹಲಿಗೆ ಹೋಗ್ಬೋದು. ಆದ್ರೆ ಅಲ್ಲೂ ಇದೇ ಹೇಳ್ತಾರೆ ಅಂತ ನನಗನ್ನಿಸ್ತೈತೆ.”

“ಬೇಡ. ಸಾಕು.” ಅವಳ ದನಿ ಗಟ್ಟಿಯಾಗಿತ್ತು. “ಅರ್ಧ ಹೋಯ್ತು ಅಂತ ನಾನು ಅಳಲ್ಲ. ಆ ಹುಡುಗನೂ ಆಯಪ್ಪನ ಮಗನೇ. ಸುಳ್ಳಿ ಅನ್ನಿಸ್ಕೊಂಡು ಮಾತ್ರ ಇಲ್ಲಿ ಇರೋಕಾಗಲ್ಲ.”

ಇವರು ನಮ್ಮ ಹಾಳೆಯ ವಿಷಯ ತೆಗೆದರು. ಬೇರೆ ವಕೀಲರು ಆ ಪ್ರಶ್ನೆ ಮರೆಯಬಾರದು, ಅದಕ್ಕೆ ಈ ತೀರ್ಪನ್ನು ಅಚ್ಚು ಹಾಕಬೇಕಾಗಿದೆ ಎಂದರು. ಅವಳು ಯೋಚಿಸಿ ಹೇಳಿದಳು:

“ಹಾಕಿ. ನನಗೆ ಈಗ ಹೇಳಿದ್ರಲ್ಲ, ಅದನ್ನೂ ಹಾಕಿ. ಸುಳ್ಳಲ್ಲ ಅಂತಲೂ ಹಾಕಿ, ಯಾಕೆ ಸೋತೆ ಅಂತಲೂ ಹಾಕಿ. ಓದೋರು ಓದಿ ಹೇಳ್ಲಿ ಬೀದಿಗೆ.”

ನಮ್ಮನ್ನು ಉಣ್ಣಲು ಕರೆಯಲಿಲ್ಲ. ಕರೆದಿದ್ದರೂ ನಮಗೆ ತುತ್ತು ಇಳಿಯುತ್ತಿರಲಿಲ್ಲ. ಬಾಗಿಲವರೆಗೆ ಬಂದು, ಹೊಸ್ತಿಲು ಎತ್ತರ ಇದೆ, ನೋಡಿ ಇಳಿಸಿ ಎಂದು ನನಗೆ ಹೇಳಿ ಒಳಗೆ ಹೋದಳು. ನಾವು ಬೀದಿಯ ತಿರುವು ಮುಟ್ಟುವ ಹೊತ್ತಿಗೆ ಅವಳ ಮನೆಯಿಂದಲೂ ಮಗ್ಗದ ಸದ್ದು ಬಂತು.

ಮಾರನೆಯ ದಿನ ಇವರು ಹೇಳುತ್ತಾ ಹೋದರು, ನಾನು ಬರೆದೆ. ಮೊದಲು ತೀರ್ಪಿನ ಸಾರ. ಆಮೇಲೆ, ಉಯಿಲು ಸುಳ್ಳು ಎಂದು ನ್ಯಾಯಾಲಯ ಎಲ್ಲಿಯೂ ಹೇಳಿಲ್ಲ, ಸಾಬೀತುಪಡಿಸುವ ಕ್ರಮದಲ್ಲಿ ಕೊರತೆಯಾಗಿದೆ ಎಂದಷ್ಟೇ ಹೇಳಿದೆ ಎಂಬ ಮಾತು. ಕೊನೆಗೆ ಒಂದು ಸಾಲು: ಈ ಪ್ರಶ್ನೆಯನ್ನು ಕೇಳದೆ ಬಿಟ್ಟ ವಕೀಲರು ಈ ಹಾಳೆಯ ಸಂಪಾದಕರು, ಕಕ್ಷಿದಾರರ ಕಡೆಯಿಂದ ಯಾವ ಲೋಪವೂ ಇಲ್ಲ.

ನಾನು ಪೆನ್ನು ಕೆಳಗಿಟ್ಟೆ.

“ಪ್ರಶ್ನೆ ಕೇಳಿಲ್ಲ ಅಂತ ಹಾಕಿದ್ರೆ ಸಾಲ್ದಾ? ಯಾರು ಕೇಳಿಲ್ಲ ಅಂತ ಯಾಕ್ರಿ?”

“ಬರಿ.”

“ನಾಳೆ ಯಾರು ಬರ್ತಾರೆ ನಮ್ಮ ಹತ್ರ? ಈ ಹಾಳೆ ಯಾರು ತಗೊಳ್ತಾರೆ?”

“ಅಲ್ಲಿ ಆಯಮ್ಮನ ಹೆಸರು ಕೆಡಬಾರ್ದು ಅಂದ್ರೆ ಇಲ್ಲಿ ನಂದು ಬರ್ಲೇಬೇಕು. ಬರಿಯೇ.”

ಬರೆದೆ. ಮನಸ್ಸಿಲ್ಲದೆ ಬರೆದೆ. ಪ್ರೆಸ್ಸಿಗೆ ಕೊಟ್ಟು ಬಂದ ಸಂಜೆಯೇ ಸಾಬರು ಪ್ರೂಫ್ ಹಿಡಿದುಕೊಂಡು ಮನೆಗೆ ಬಂದರು. ಯಾವತ್ತೂ ಹಾಗೆ ಬಂದವರಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು ಇವರ ಎದುರಿಗೆ ಕೂತರು.

“ವಕೀಲ್ ಸಾಬ್, ಈ ಕೊನೇ ಸಾಲು ಇರ್ಲಾ? ಮೊಳೆ ಜೋಡ್ಸಿದೀನಿ. ತೆಗೆಯೋದು ಸುಲಭ. ಅಚ್ಚಾದ್ಮೇಲೆ ಕಷ್ಟ.”

“ಇರ್ಲಿ ಸಾಬ್ರೇ.”

“ಇನ್ನೊಂದು ದಿನ ಯೋಚ್ನೆ ಮಾಡ್ತೀರಾ? ನಾನು ಕಾಯ್ತೀನಿ.”

“ಯೋಚ್ನೆ ಮಾಡಿದ್ರೆ ತೆಗೆಸ್ಬಿಡ್ತೀನಿ ನಾನು. ಇವತ್ತೇ ಹಾಕ್ಬಿಡಿ.”

ಸಾಬರು ನನ್ನ ಕಡೆ ನೋಡಿದರು. ನಾನು ತಲೆ ಆಡಿಸಿದೆ. ಅಷ್ಟು ಹೊತ್ತಿಗೆ ನನಗೂ ಅದು ಬೇಕು ಅನ್ನಿಸಿತ್ತು. ಇವರ ದನಿಯಲ್ಲಿದ್ದ ಭಯ ಕೇಳಿ ಹಾಗನ್ನಿಸಿತೋ ಏನೋ.

ಹಾಳೆ ಬಂದ ಮೇಲೆ ವಕೀಲರ ಸಂಘದ ಹಿರಿಯರೊಬ್ಬರು ಮನೆಗೆ ಬಂದು ಬೇಸರದಿಂದಲೇ ಮಾತಾಡಿದರು. “ನೀವು ಸುಮ್ನಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ನಾಳೆ ಕಕ್ಷಿದಾರರು ಎಲ್ಲಾ ವಕೀಲರ ಮೇಲೂ ಇದನ್ನೇ ಹಿಡ್ಕೊಂಡು ಬರ್ತಾರೆ,” ಎಂದರು. ಸಲಹೆ ಕೇಳಲು ಬರುತ್ತಿದ್ದ ಕೆಲವರು ಬರುವುದನ್ನು ಬಿಟ್ಟರು. ಒಬ್ಬಿಬ್ಬರು ಕಕ್ಷಿದಾರರು ಮನೆಯಲ್ಲಿ ಉಳಿದಿದ್ದ ತಮ್ಮ ಹಳೆಯ ಫೈಲು ಕೇಳಿ ತೆಗೆದುಕೊಂಡು ಹೋದರು. ಆದರೆ ನಾನು ಹೆದರಿದ ಹಾಗೆ ಹಾಳೆಯನ್ನು ಯಾರೂ ಬಿಡಲಿಲ್ಲ. ಪರಶುರಾಂಪುರದ ಕಡೆಯ ಒಬ್ಬ ಕಿರಿಯ ವಕೀಲರು ಆ ಸಂಚಿಕೆಯನ್ನು ಉಯಿಲಿನ ಕೇಸುಗಳಿರುವ ದಿನ ಕೋಟಿನಲ್ಲಿ ಇಟ್ಟುಕೊಂಡೇ ಹೋಗುತ್ತೇನೆ ಎಂದು ಹೇಳಿದರು. ಮೊಳಕಾಲ್ಮುರಿನಲ್ಲಿ ಆ ಪುಟವನ್ನು ನೇಕಾರರ ಸಂಘದ ಗೋಡೆಗೆ ಯಾರೋ ಅಂಟಿಸಿದ್ದರಂತೆ. ಅಂಟಿಸಿದವರು ಯಾರೆಂದು ಗೊತ್ತಾಗಲಿಲ್ಲ. ಅವಳೇ ಅಂಟಿಸಿರಬೇಕು ಎಂದು ಇವರು ಹೇಳುತ್ತಿದ್ದರು.

ಕೆಲವು ಕಾಲದ ಮೇಲೆ ಮನೆಯನ್ನು ಪಾಲು ಮಾಡಲು ಕೋರ್ಟಿನಿಂದ ಕಮಿಷನರು ಬರುವ ದಿನ ಗೊತ್ತಾಯಿತು. ಅವಳು ಬಸ್ಸಿನ ಕಂಡಕ್ಟರರ ಹತ್ತಿರ ಹೇಳಿ ಕಳಿಸಿದಳು: ವಕೀಲರು ಬಂದು ಕೂತರೆ ಸಾಕು, ಮಾತಾಡುವುದೇನೂ ಬೇಡ. ಆ ದಿನ ಇವರು ಬೆಳಗ್ಗೆ ಬೇಗ ಎದ್ದು, ಕಪ್ಪು ಕೋಟು ಕೇಳಿದರು. ಕೋಟು ಹಾಕಿಕೊಳ್ಳದೆ ಎಷ್ಟೋ ದಿನವಾಗಿತ್ತು. ಹೆಗಲಲ್ಲಿ ದೊಡ್ಡದಾಗಿ ನಿಂತಿತು.

ರಾಯದುರ್ಗದಿಂದ ಮಗನೂ ಬಂದಿದ್ದ. ಮೂವತ್ತರ ವಯಸ್ಸು, ಮಾತು ಕಡಿಮೆ, ಅವನೂ ಮಗ್ಗದವನೇ. ಕಮಿಷನರು ಟೇಪು ಹಿಡಿದು ಅಳೆದರು. ಮನೆ ರೈಲಿನ ಡಬ್ಬಿಯ ಹಾಗೆ ಉದ್ದಕ್ಕಿತ್ತು. ಉದ್ದಕ್ಕೆ ಸೀಳಿದರೆ ಇಬ್ಬರಿಗೂ ಬೀದಿ ಬಾಗಿಲು ಸಿಗುತ್ತಿತ್ತು, ಆದರೆ ಗೋಡೆ ನೇರ ಮಗ್ಗದ ಗುಂಡಿಯ ಮೇಲೆ ಬರುತ್ತಿತ್ತು. ಅಡ್ಡಕ್ಕೆ ಕತ್ತರಿಸಿದರೆ ಮಗ್ಗ ಹಿಂದಿನ ಪಾಲಿನಲ್ಲಿ ಇಡಿಯಾಗಿ ಉಳಿಯುತ್ತಿತ್ತು, ಆದರೆ ಆ ಪಾಲಿನವರಿಗೆ ಬೀದಿ ಇರುತ್ತಿರಲಿಲ್ಲ. ಮಗ ಉದ್ದಕ್ಕೇ ಆಗಲಿ ಎಂದ.

ಇವರು ನನ್ನ ಕೈ ಹಿಡಿದುಕೊಂಡು ಎದ್ದರು. “ಮಗ್ಗ ಎಲ್ಲೈತೆ? ಕರ್ಕೊಂಡು ಹೋಗು,” ಎಂದರು. ಗುಂಡಿಯ ಅಂಚಿಗೆ ಕರೆದುಕೊಂಡು ಹೋದೆ. ಕೂತು, ಕೈಯಿಂದ ಅಂಚು ಮುಟ್ಟಿ ನೋಡಿದರು. ಕೂತುಕೂತು ಸವೆದು ನುಣುಪಾಗಿತ್ತು.

“ಇದರಲ್ಲಿ ನೀನು ಕೂತಿದೀಯೇನಪ್ಪ ಯಾವಾಗಲಾದ್ರೂ?” ಎಂದು ಆ ಹುಡುಗನನ್ನು ಕೇಳಿದರು.

ಅವನು, “ಚಿಕ್ಕೋನಿದ್ದಾಗ. ನಾಯನ ಜತೇಲಿ,” ಎಂದ. ಅಪ್ಪನನ್ನು ಅವನು ತೆಲುಗಿನಲ್ಲಿ ನಾಯನ ಎಂದ.

“ಗೋಡೆ ಇದರ ಮೇಲೆ ಬರ್ತದಂತೆ. ನನಗೆ ಕಾಣಲ್ಲ. ನೀನು ನೋಡಿ ಹೇಳು, ಆಗ್ಲಾ?”

ಅವನು ಬಹಳ ಹೊತ್ತು ಗುಂಡಿಯನ್ನೇ ನೋಡಿದ. ಕೊನೆಗೆ ಕಮಿಷನರ ಕಡೆ ತಿರುಗಿ, “ಅಡ್ಡಕ್ಕೆ ಹಾಕಿ ಸಾರ್. ನಾನು ಮುಂದಿಂದು ತಗೊಳ್ತೀನಿ,” ಎಂದ. ಅವಳು ಒಪ್ಪಿದಳು.

ಹಾಗೆ ಗೋಡೆ ಎದ್ದಿತು. ಮುಂದಿನ ಭಾಗವನ್ನು ಅವನು ಟೈಲರ್ ಅಂಗಡಿಗೆ ಬಾಡಿಗೆಗೆ ಕೊಟ್ಟ. ಅವಳು ಪಕ್ಕದ ಸಂದಿಯ ಕಡೆ ಗೋಡೆ ಒಡೆಸಿ ಬಾಗಿಲು ಇಡಿಸಿಕೊಂಡಳು. ಮಳೆ ಬಂದರೆ ಆ ಸಂದಿಯಲ್ಲಿ ಕಾಲಿಡಲು ಆಗುವುದಿಲ್ಲ. ಗಿರಾಕಿಗಳಿಗೆ ಮನೆ ಹುಡುಕುವುದು ಕಷ್ಟವಾಯಿತು. ಆ ಇಬ್ಬರ ನಡುವೆ ಮಾತು ಬೆಳೆಯಲಿಲ್ಲ, ಜಗಳವೂ ಬೆಳೆಯಲಿಲ್ಲ. ಅವಳು ನನ್ನ ಗಂಡನನ್ನು ಕ್ಷಮಿಸಿದಳು ಎಂದು ನಾನು ಹೇಳಲಾರೆ. ಆ ಮಾತು ಅವಳ ಬಾಯಿಂದ ನಾನು ಕೇಳಿಲ್ಲ.

ಎರಡು ಸಾವಿರದ ಇಸವಿಯ ಮೇಲಿನ ಮೊದಮೊದಲ ವರ್ಷಗಳಲ್ಲಿ ಇವರ ಮೂತ್ರಪಿಂಡವೂ ಸೋತಿತು. ಹಾಸಿಗೆ ಹಿಡಿದ ಮೇಲೂ ರಿಪೋರ್ಟು ಬಂದ ದಿನ ತಲೆಬರಹಗಳನ್ನಾದರೂ ಓದಿಸಿಕೊಳ್ಳುತ್ತಿದ್ದರು. ಒಂದು ಬೇಸಿಗೆಯ ಬೆಳಗ್ಗೆ ಹೋದರು. ಮಣ್ಣಿಗೆ ಬಂದವರಲ್ಲಿ ಮಗ್ಗದಮ್ಮನೂ ಇದ್ದಳು. ನನ್ನ ಪಕ್ಕ ಕೂತು, ಹೊತ್ತು ಇಳಿಯುವವರೆಗೆ ಇದ್ದು ಕೊನೆಯ ಬಸ್ಸಿಗೆ ಹೋದಳು.

ಆಮೇಲೂ ಹಾಳೆಯನ್ನು ನಾನು ನಡೆಸಿದೆ. ನಮ್ಮ ಊರಿನಲ್ಲಿ ಹೊಸದಾಗಿ ವಕೀಲಿ ಶುರುಮಾಡಿದ್ದ ಒಬ್ಬ ಹುಡುಗಿ ಸಂಜೆ ಬಂದು, ನಾನು ಬರೆದ ಸಾರವನ್ನು ನೋಡಿ ತಿದ್ದಿಕೊಡುತ್ತಿದ್ದಳು. ಅಷ್ಟರಲ್ಲಿ ಕಾಲ ಬದಲಾಗಿತ್ತು. ವಕೀಲರ ಸಂಘಕ್ಕೆ ಕಂಪ್ಯೂಟರು ಬಂತು, ಅದರ ಜೊತೆ ತೀರ್ಪುಗಳ ಸಿ.ಡಿ. ಬಂತು. ಒಂದು ದಿನ ಆ ಹುಡುಗಿಯೇ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದಳು. ಒಂದು ಶಬ್ದ ಒತ್ತಿದರೆ ಅದು ಇರುವ ತೀರ್ಪುಗಳೆಲ್ಲ ಸಾಲಾಗಿ ಬಂದು ನಿಂತವು. ಸಂತೋಷವೇ ಆಯಿತು. ಕಣ್ಣಿಲ್ಲದವರಿಗೂ ಓದಿ ಹೇಳುವ ಕಂಪ್ಯೂಟರು ಬಂದಿದೆಯಂತೆ ಎಂದು ಅವಳು ಹೇಳಿದಾಗ ಮಾತ್ರ ನಾನು ಎದ್ದು ಹೊರಗೆ ಬಂದು ಜಗುಲಿಯ ಮೇಲೆ ಕೂತೆ.

ಚಂದಾದಾರರು ಒಬ್ಬೊಬ್ಬರೇ ಕಡಿಮೆಯಾದರು. ಒಂದು ಸಂಜೆ ಪ್ರೆಸ್ಸಿಗೆ ಹೋಗಿ, ಇನ್ನು ಹಾಳೆ ಸಾಕು ಎಂದು ಹೇಳಿದೆ. ಸಾಬರು ಕನ್ನಡಕ ತೆಗೆದು ಒರೆಸಿಕೊಂಡರು. ಎಣ್ಣೆ ಮಿಲ್ಲುಗಳು ಒಂದೊಂದೇ ಬಾಗಿಲು ಹಾಕುತ್ತಿದ್ದ ಕಾಲ ಅದು. ಅವರಿಗೂ ಕೆಲಸ ಇಳಿದಿತ್ತು.

“ನಾನೂ ಮೊಳೆ ಮಾರ್ತಾ ಇದೀನಿ, ಅಮ್ಮಾರೇ,” ಎಂದರು. “ಕರಗ್ಸೋರು ತೂಕದ ಲೆಕ್ಕದಲ್ಲಿ ತಗೊಂಡು ಹೋಗ್ತಾರೆ. ಮಗ ಆಫ್‌ಸೆಟ್ ಹಾಕ್ತೀನಿ ಅಂತಾನೆ.”

“ಒಳ್ಳೇದೇ ಅಲ್ವಾ.”

“ಒಳ್ಳೇದೇ. ಆದ್ರೆ ಅದ್ರಲ್ಲಿ ಏನು ಅಚ್ಚಾಗ್ತೈತೆ ಅಂತ ಓದೋಕೆ ಟೈಮೇ ಇರಲ್ಲ. ಸರ್‌ರ್ ಅಂತ ಬಂದ್ಬಿಡ್ತೈತೆ.”

ಎದುರಿನ ಹೋಟೆಲಿನಿಂದ ಟೀ ತರಿಸಿದರು. ನಿಂತುಕೊಂಡೇ ಕುಡಿದೆವು. ಅಷ್ಟರಲ್ಲಿ ಮಸೀದಿಯಿಂದ ಸಂಜೆಯ ನಮಾಜಿಗೆ ಕರೆ ಕೇಳಿತು. ಅವರು ಟೋಪಿ ತೆಗೆದುಕೊಂಡು ಹೊರಟರು. ನನಗೆ ತರಕಾರಿ ಕೊಳ್ಳುವುದಿತ್ತು, ಮಾರ್ಕೆಟ್ಟಿನ ಕಡೆ ನಡೆದೆ.